ಗಾಣದ ಎಣ್ಣೆ ಘಟಕಕ್ಕೆ ಬಿಬಿಎ ಬೇಕೇ?

ಪಿಯುಸಿ ಮುಗಿದಿದೆ, ಚಳ್ಳಕೆರೆಯಲ್ಲಿ ಗಾಣದ ಶೇಂಗಾ ಎಣ್ಣೆಯ ಘಟಕ ಹಾಕುವ ಆಸೆಯಿದೆ, ಅದಕ್ಕಾಗಿ ಉದ್ಯಮಶೀಲತೆಯ ಬಿಬಿಎ ಸೇರಲೇ ಎಂದು ಕೇಳಿದ್ದೀರಿ.

ಸೇರಿ, ಆದರೆ ಪಠ್ಯಕ್ರಮ ತರಿಸಿಕೊಂಡು ನೋಡಿದ ಮೇಲೆ. ಲೆಕ್ಕಶಾಸ್ತ್ರ, ಉತ್ಪಾದನಾ ವೆಚ್ಚ, ತೆರಿಗೆಯ ಪಾಠ ಗಟ್ಟಿಯಾಗಿದ್ದರೆ ಮೂರು ವರ್ಷ ದಂಡವಾಗುವುದಿಲ್ಲ. ದೊಡ್ಡ ಉದ್ಯಮಿಗಳ ಯಶೋಗಾಥೆಗಳೇ ತುಂಬಿದ್ದರೆ ಅದಕ್ಕಿಂತ ಬಿಕಾಂ ವಾಸಿ.

ನಿಮ್ಮ ವ್ಯಾಪಾರವನ್ನೇ ನೋಡಿ. ಸುಗ್ಗಿಯಲ್ಲಿ ಕಾಳನ್ನು ನಗದು ಕೊಟ್ಟು ಕೊಳ್ಳಬೇಕು. ಅಂಗಡಿಯವರು ಎಣ್ಣೆಯ ಹಣ ಕೊಡುವುದು ತಿಂಗಳು, ಒಂದೂವರೆ ತಿಂಗಳ ಮೇಲೆ. ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ ಕೈ ಬರಿದಾಗುವುದು ಹೀಗೆ. ಕಾಳು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಎಣ್ಣೆ ಮಾರುವುದು ಲೀಟರ್ ಲೆಕ್ಕದಲ್ಲಿ. ಒಂದು ಲೀಟರ್ ಶೇಂಗಾ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಮಾರಿದ ಹಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದರ ಏರುತ್ತದೆ, ಬಾಟಲಿ, ವಿದ್ಯುತ್, ಸೋರಿಕೆಯನ್ನು ಮರೆತರೆ ಗಂಟೇ ಕರಗುತ್ತದೆ. ಇಂಥ ಲೆಕ್ಕವನ್ನು ಕೂರಿಸಿ ಮಾಡಿಸುವ ಮೇಷ್ಟ್ರು ಸಿಕ್ಕರೆ (ಅಪರೂಪ, ಆದರೆ ಇದ್ದಾರೆ) ಕಾಲೇಜಿನ ಹೆಸರನ್ನೂ ನೋಡಬೇಡಿ.

ಕಾಳಿನ ತೇವ ಎಷ್ಟಿರಬೇಕು, ಎಣ್ಣೆ ಎಷ್ಟು ದಿನಕ್ಕೆ ತಿಳಿಯಾಗುತ್ತದೆ ಎಂಬುದನ್ನು ಯಾವ ಬಿಬಿಎಯೂ ಕಲಿಸುವುದಿಲ್ಲ. ರಜೆಯಲ್ಲಿ ಒಂದು ಗಾಣದಲ್ಲಿ ದುಡಿಯಿರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಂದಿಗೆ ಉಚಿತ ಸ್ವಉದ್ಯೋಗ ತರಬೇತಿ ಕೊಡುತ್ತದೆ. ಚಿತ್ರದುರ್ಗದಲ್ಲೂ ಅದರ ಕೇಂದ್ರವಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಆಹಾರ ಸಂಸ್ಕರಣೆಯ ಅಲ್ಪಾವಧಿ ಕೋರ್ಸ್‌ಗಳನ್ನು ನಡೆಸುತ್ತದೆ. ಸಹಾಯಧನ ನಂಬಿ ಈಗಲೇ ಯಂತ್ರಕ್ಕೆ ಮುಂಗಡ ಕೊಡಬೇಡಿ. ಮೊದಲು ಬ್ಯಾಂಕಿನ ಸಾಲ ಮಂಜೂರಾಗಲಿ.