ಊರು ಹೋಯಿತು, ಚರ್ಚ್ ಉಳಿಯಿತು

ಪ್ರಶ್ನೆ: ಮಗನನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದಾಗ ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬಲ್ಲಿಗೆ ಕರೆದುಕೊಂಡು ಹೋದ. ಸೂರಿಲ್ಲದ ಹಳೇ ಚರ್ಚ್, ಅರ್ಧ ಬಿದ್ದ ಗೋಪುರ, ಒಂದಷ್ಟು ಗೋರಿಕಲ್ಲು. ಸುತ್ತ ಊರೇ ಇಲ್ಲ! ಜನರಿಲ್ಲದ ಕಡೆ ಚರ್ಚ್ ಯಾಕೆ ಕಟ್ಟಿದರು? ಪ್ಲೇಗ್ ಬಂದು ಎಲ್ಲರೂ ಸತ್ತರು ಅಂತಾನೆ ಮಗ. ನಿಜವೇ?

ಉತ್ತರ: ಊರಿತ್ತು ಸ್ವಾಮಿ. ಚರ್ಚ್‌ಗೆ ಇಳಿಯುವ ಮೊದಲು ದಿಬ್ಬದ ಹುಲ್ಲಿನಲ್ಲಿ ಉಬ್ಬು ತಗ್ಗು ಕಂಡಿರಬೇಕಲ್ಲ, ಅವೇ ಮನೆಗಳಿದ್ದ ಜಾಗ. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಅಂತ ಬರೆಯುತ್ತಾರೆ ನೋಡಿ, ದೀಪ ಹಚ್ಚುವವರಿಲ್ಲದ ಊರು, ಇದು ಅಂಥದ್ದೇ.

ನಿಮ್ಮ ಮಗ ಹೇಳಿದ್ದು ಅರ್ಧ ಸರಿ. 1348-49ರ ಮಹಾಮಾರಿಯಲ್ಲಿ ತುಂಬಾ ಜನ ಸತ್ತರು, ಆದರೆ ಊರು ಸಾಯಲಿಲ್ಲ. ಆಮೇಲೂ ನೂರೈವತ್ತು ವರ್ಷ ಅಲ್ಲಿ ಒಲೆ ಉರಿಯಿತು. ಊರನ್ನು ಮುಗಿಸಿದ್ದು ಕುರಿ! ಉಣ್ಣೆಗೆ ಒಳ್ಳೆ ಬೆಲೆ ಬಂದಿತ್ತು, ಉಳುವವರನ್ನು ಇಟ್ಟುಕೊಳ್ಳುವುದಕ್ಕಿಂತ ಹುಲ್ಲು ಬಿಟ್ಟರೆ ಲಾಭ ಜಾಸ್ತಿ ಅಂತ ಜಮೀನುದಾರರಿಗೆ ಅನ್ನಿಸಿತು, ಅಷ್ಟೇ. ಕ್ರಿ.ಶ. 1500ರ ಸುಮಾರಿಗೆ ಬ್ಯಾರನ್ ಹಿಲ್ಟನ್ ಎಂಬ ಒಡೆಯ ಕೊನೆಗೆ ಉಳಿದಿದ್ದ ನಾಲ್ಕು ಮನೆಯವರನ್ನೂ ಎಬ್ಬಿಸಿ ಕಳಿಸಿದ.

ಹಾಗಾದರೆ ಚರ್ಚ್ ಮಾತ್ರ ಹೇಗೆ ಉಳಿಯಿತು? ಅದು ಆ ಒಂದೇ ಊರಿನದ್ದಾಗಿರಲಿಲ್ಲ. ಥಿಕ್ಸೆಂಡೇಲ್, ಬರ್ಡೇಲ್, ರೇಸ್‌ತಾರ್ಪ್, ಟೌತಾರ್ಪ್‌ಗೂ ಅದೇ ಪ್ಯಾರಿಷ್ ಚರ್ಚ್. ಮದುವೆಯಾಗಲಿ, ಮಗುವಿನ ದೀಕ್ಷಾಸ್ನಾನವಾಗಲಿ, ಮಣ್ಣಾಗಲಿ, ಆ ಊರುಗಳವರು ಕಣಿವೆ ದಾಟಿ ಇಲ್ಲಿಗೇ ಬರಬೇಕು. ಥಿಕ್ಸೆಂಡೇಲ್‌ಗೆ ಸ್ವಂತ ಚರ್ಚ್ ಆಗಿದ್ದು 1870ರಲ್ಲಿ. ಅಲ್ಲಿಂದ ಇಲ್ಲಿ ಬೆಂಚುಗಳು ಖಾಲಿ ಬೀಳತೊಡಗಿದವು. ಕೊನೇ ಪ್ರಾರ್ಥನೆ 1949ರಲ್ಲಿ ನಡೆಯಿತು. ಹತ್ತು ವರ್ಷಕ್ಕೆ ಗೋಪುರದ ಒಂದು ಭಾಗ ಕುಸಿಯಿತು.

ಮತ್ತೊಮ್ಮೆ ಹೋದರೆ ಗೋಪುರ ಬಿಡಿ, ಪಕ್ಕದ ಗೋಡೆ ನೋಡಿ. ಕಮಾನುಗಳಿವೆ, ಕಲ್ಲು ಕಟ್ಟಿ ಮುಚ್ಚಿದ್ದಾರೆ. ಮೊದಲು ಹತ್ತನೇ ಶತಮಾನದಲ್ಲಿ ಸಣ್ಣದೊಂದು ಮರದ ಚರ್ಚ್ ಇತ್ತು, ಆಮೇಲೆ ಕಲ್ಲಿನದು ಬಂತು, ಜನ ಹೆಚ್ಚಿದಂತೆ ಎರಡೂ ಪಕ್ಕಕ್ಕೆ ಕಮಾನು ತೆಗೆದು ಮೊಗಸಾಲೆ ಸೇರಿಸಿದರು. ಜನ ಕಮ್ಮಿಯಾದಾಗ ಅವನ್ನು ಕೆಡವಿ ಕಮಾನು ಮುಚ್ಚಿಬಿಟ್ಟರು. ಕೆಡವಿದ ಕಡೆಯ ಕಿಟಕಿಗಳನ್ನೂ ಬಿಸಾಡದೆ ಆ ಗೋಡೆಯಲ್ಲೇ ಕೂರಿಸಿದರು. ಹಳ್ಳಿ ಬುದ್ಧಿ ಎಲ್ಲ ಕಡೆ ಒಂದೇ, ಅಲ್ವಾ?

ಪ್ರಶ್ನೆ: ಇದೇ ಊರಿನಲ್ಲಿ ಸತ್ತವರು ದೆವ್ವವಾಗಿ ಬರಬಾರದೆಂದು ಹೆಣ ಕಡಿದು ಸುಟ್ಟರು ಎಂದು ಓದಿದೆ. ಸುಮ್ನೆ ಕಥೆಯೇ?

ಉತ್ತರ: ಕಡಿದದ್ದೂ ಸುಟ್ಟದ್ದೂ ಕಥೆಯಲ್ಲ. ಅದು ದೆವ್ವದ ಭಯಕ್ಕೇ ಅನ್ನುವುದು ಊಹೆ, ಆದರೆ ಗಟ್ಟಿ ಊಹೆ. ಆ ಮೂಳೆ ಸಿಕ್ಕಿದ್ದು ಸ್ಮಶಾನದಲ್ಲಲ್ಲ, ಊರೊಳಗಿನ ಗುಂಡಿಗಳಲ್ಲಿ. ಒಟ್ಟು 137 ತುಂಡು, ಕಡಿಮೆ ಅಂದರೂ ಹತ್ತು ಜನರದ್ದು, ಮಕ್ಕಳೂ ಇದ್ದರು. 11ರಿಂದ 14ನೇ ಶತಮಾನದ ಮಧ್ಯೆ ಬೇರೆ ಬೇರೆ ಕಾಲದಲ್ಲಿ ಸತ್ತವರು. ಪರೀಕ್ಷೆಯ ಫಲ 2017ರಲ್ಲಿ ಹೊರಬಂತು. ಬರಗಾಲದಲ್ಲಿ ಮನುಷ್ಯರ ಮಾಂಸ ತಿಂದರೇ ಎಂಬ ಪ್ರಶ್ನೆಯನ್ನೂ ತಜ್ಞರು ಕೇಳಿಕೊಂಡರು. ಮಾಂಸಕ್ಕಾದರೆ ತೊಡೆ, ಕೀಲುಗಳ ಹತ್ತಿರ ಕುಯ್ಯಬೇಕು. ಇಲ್ಲಿ ಚಾಕುವಿನ ಗುರುತು ಹೆಚ್ಚಾಗಿ ತಲೆ, ಕುತ್ತಿಗೆ ಕಡೆ! ಹೊರಗಿನವರನ್ನು ಹೀಗೆ ಮಾಡಿರಬಹುದು ಅನ್ನೋಣವೆಂದರೆ, ಹಲ್ಲಿನ ಪರೀಕ್ಷೆಯಲ್ಲಿ ಅವರು ಆ ಸೀಮೆಯವರೇ ಎಂದು ಗೊತ್ತಾಯಿತು. ಅದೇ ಯಾರ್ಕ್‌ಷೈರಿನ ನ್ಯೂಬರ್ಗ್ ಮಠದ ವಿಲಿಯಂ ಎಂಬಾತ 12ನೇ ಶತಮಾನದಲ್ಲಿ, ಸತ್ತವರು ಎದ್ದು ಓಡಾಡಿದ್ದನ್ನೂ ಅಂಥ ಹೆಣ ಅಗೆದು ಸುಟ್ಟದ್ದನ್ನೂ ಬಲು ಗಂಭೀರವಾಗಿ ಬರೆದಿಟ್ಟಿದ್ದಾನೆ. ನನಗಂತೂ ಭಯದ ಲೆಕ್ಕವೇ ಸರಿ ಅನ್ನಿಸುತ್ತದೆ.

ಪ್ರಶ್ನೆ: ಸ್ಮಶಾನ ಅಗೆಯುವುದು ತಪ್ಪಲ್ಲವೇ? ಅದರಿಂದ ಸಿಕ್ಕಿದ್ದಾದರೂ ಏನು?

ಉತ್ತರ: ನಿಮ್ಮ ಮುಜುಗರ ಅರ್ಥವಾಗುತ್ತದೆ, ನನಗೂ ಸ್ವಲ್ಪ ಇದೆ. ಮಾರಿಸ್ ಬೆರೆಸ್‌ಫರ್ಡ್, ಜಾನ್ ಹರ್ಸ್ಟ್ ಎಂಬಿಬ್ಬರ ಮುಂದಾಳತ್ವದಲ್ಲಿ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಈ ಊರನ್ನು ಅಗೆದರು. ಚರ್ಚ್ ಒಳಗೆ, ಹೊರಗೆ ಸೇರಿ ಸುಮಾರು 700 ಅಸ್ಥಿಪಂಜರ ಸಿಕ್ಕವು. ರಾಜರ ಬಗ್ಗೆ ಬರೆದವರು ಬೇಕಾದಷ್ಟು. ರೈತನ ಮಗು ಏನು ತಿಂದಿತು ಅಂತ ಬರೆದವರು ಯಾರು? ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ, ಎರಡು ವರ್ಷದವರೆಗೆ ಎದೆಹಾಲು ಕೊಡುತ್ತಿದ್ದರು ಎಂದು ಮೂಳೆಗಳೇ ಹೇಳಿದವು. ಹತ್ತು ವರ್ಷದ ಮಕ್ಕಳು ಈಗಿನವರಿಗಿಂತ ತುಂಬಾ ಗಿಡ್ಡ ಇದ್ದರಂತೆ.

ಇನ್ನೊಬ್ಬನ ವಿಷಯ ಹೇಳಲೇಬೇಕು. ಹೆಸರು ಗೊತ್ತಿಲ್ಲ, ಸಾವಿರ ವರ್ಷದ ಹಿಂದಿನ ಸಾಮಾನ್ಯ ರೈತ, ವಯಸ್ಸು ನಲವತ್ತರ ಆಸುಪಾಸು. ತಲೆಗೆ ಯಾರೋ ಬಲವಾಗಿ ಹೊಡೆದಿದ್ದಾರೆ, ಬುರುಡೆ ಒಡೆದಿದೆ. ಯಾರೋ ಕೈಚಳಕವಿದ್ದವರು ಮೂಳೆ ಕೆರೆದು ತೂತು ಮಾಡಿ ಚಿಕಿತ್ಸೆ ಕೊಟ್ಟಿದ್ದಾರೆ. ಮತ್ತು ಗಾಯ ವಾಸಿಯಾಗಿದೆ! ಅರಿವಳಿಕೆ ಇಲ್ಲ, ಆಸ್ಪತ್ರೆ ಇಲ್ಲ, ಆಸಾಮಿ ಬದುಕಿಕೊಂಡ.

ಪ್ರಶ್ನೆ: ಮೊಣಕಾಲು ನೋವಿರುವವರು ಹೋಗಬಹುದೇ?

ಉತ್ತರ: ಕಾರು ನಿಲ್ಲಿಸಿ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಹೋಗುವಾಗ ಇಳಿಜಾರು, ವಾಪಸು ಬರುವಾಗ ಏರು, ಮಳೆ ಬಂದರೆ ಕೆಸರು. ಒಳ್ಳೆ ಶೂ ಹಾಕಿ, ಸೀರೆ ಬೇಡ. ಟಿಕೆಟ್ ಇಲ್ಲ. ದಾರಿಯಲ್ಲಿ ದನ ಅಡ್ಡ ಬಂದರೆ ಗಾಬರಿ ಬೇಡ, ಗೇಟು ಮಾತ್ರ ಮರೆಯದೆ ಹಾಕಿ.