ಆ ಲಿಂಕಿನ ವಯಸ್ಸೆಷ್ಟು?

ಪ್ರಶ್ನೆ: ಸಾರ್, ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ‘ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್’ ಅಂತ ಬ್ಯಾಂಕಿನ ಹೆಸರಲ್ಲಿ ಲಿಂಕ್ ಬಂದಿದೆ. ಒತ್ತಿಲ್ಲ. ಕಳ್ಳರದ್ದೋ ಅಲ್ಲವೋ, ತಿಳಿಯೋದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಒತ್ತದೇ ಇದ್ದದ್ದು ಒಳ್ಳೇದಾಯ್ತು. ಅಂಗಡಿಗೆ ಲೈಸೆನ್ಸ್ ಇದ್ದಂತೆ ಪ್ರತಿ ಜಾಲತಾಣದ ಹೆಸರಿಗೂ ನೋಂದಣಿ ದಾಖಲೆ ಇರುತ್ತದೆ. ಇಂಟರ್ನೆಟ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯ ಲುಕಪ್ (ಹುಡುಕುವ) ಪುಟದಲ್ಲಿ ಲಿಂಕಿನೊಳಗಿನ ಡೊಮೇನ್, ಅಂದರೆ ತಾಣದ ಹೆಸರಷ್ಟನ್ನೇ ಟೈಪ್ ಮಾಡಿ, ನೋಂದಣಿ ದಿನಾಂಕ ನೋಡಿ. ನಮ್ಮ ಅತ್ತಿಗೆಗೂ ಇಂಥದ್ದೇ ಬಂದಿತ್ತು. ಬೆಣ್ಣೆದೋಸೆ ಕಾವಲಿಯಿಂದ ಏಳುವಷ್ಟರಲ್ಲಿ ನೋಡಿದೆ. ಹಿಂದಿನ ಮಂಗಳವಾರ ಹುಟ್ಟಿದ ಹೆಸರು! ಅಷ್ಟು ಹಳೇ ಬ್ಯಾಂಕಿಗೆ ಎಂಟು ದಿನದ ಕೂಸೇ?

ಹಾಗಂತ ಹಳೇ ದಿನಾಂಕ ಕಂಡರೆ ನಂಬಬೇಡಿ. ಯಾರದ್ದೋ ಹಳೇ ತಾಣಕ್ಕೆ ಕನ್ನ ಹಾಕಿಯೂ ಬಲೆ ಬೀಸುತ್ತಾರೆ. ಮಾಲೀಕರ ಹೆಸರು ಹುಡುಕಬೇಡಿ. ಯುರೋಪಿನ ಖಾಸಗಿತನದ ಕಾನೂನು 2018ರಲ್ಲಿ ಜಾರಿಯಾದಮೇಲೆ ಅದನ್ನು ಬಹುಪಾಲು ಮುಚ್ಚಿಟ್ಟಿದ್ದಾರೆ. ಆದರೆ ಹೆಸರು ಮಾರಿದ ರಿಜಿಸ್ಟ್ರಾರ್‌ನ ದೂರು ಇಮೇಲ್ ಅಲ್ಲೇ ಸಿಗುತ್ತದೆ. ಮೆಸೇಜಿನ ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ, ತಾಣ ಮುಚ್ಚಿಸಲು ಅದೂ ಒಂದು ದಾರಿ. ಅಕಸ್ಮಾತ್ ಮನೆಯಲ್ಲಿ ಯಾರಾದರೂ ಒತ್ತಿ ದುಡ್ಡು ಹೋಗಿದ್ದರೆ ಇದ್ಯಾವುದೂ ಬೇಡ, ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.