ಇಂಗ್ಲೆಂಡಿನಲ್ಲಿ 1950–60ರ ದಶಕದಲ್ಲಿ ಬೆಳೆದವರು ಶಾಲೆಯ ಹಾಲು ಎಂದರೆ ಮುಖ ಸಿಂಡರಿಸುವುದು ಯಾಕೆ?

ತಪ್ಪು ಹಾಲಿನದಲ್ಲ, ಅದನ್ನು ಇಡುತ್ತಿದ್ದ ಜಾಗದ್ದು. 1946ರ ಕಾಯ್ದೆಯಿಂದ ಶಾಲಾಮಕ್ಕಳಿಗೆ ದಿನಕ್ಕೆ ಮೂರನೇ ಒಂದು ಪಿಂಟ್, ಅಂದರೆ ಸುಮಾರು 190 ಮಿ.ಲೀ. ಹಾಲು ಪುಕ್ಕಟೆ ಸಿಗುತ್ತಿತ್ತು. ಪುಟ್ಟ ಗಾಜಿನ ಬಾಟಲಿ, ಬಾಯಿಗೆ ತೆಳ್ಳನೆ ಅಲ್ಯೂಮಿನಿಯಂ ಮುಚ್ಚಳ. ಹೆಬ್ಬೆರಳಲ್ಲಿ ಒತ್ತಿ ಸ್ಟ್ರಾ ತೂರಿಸಬೇಕು. ಬೆಳಿಗ್ಗೆ ಬಂದ ಕ್ರೇಟುಗಳು ಬಿಡುವಿನ ಹೊತ್ತಿನವರೆಗೆ ಎಷ್ಟೋ ಕಡೆ ಅಂಗಳದಲ್ಲೇ ಕೂತಿರುತ್ತಿದ್ದವು. ಬೇಸಿಗೆಯಲ್ಲಿ ಹಾಲು ಉಗುರುಬೆಚ್ಚಗಾಗಿ ಹುಳಿವಾಸನೆ ಹೊಡೆಯುತ್ತಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಮುಚ್ಚಳವನ್ನೇ ಮೇಲೆತ್ತಿಕೊಂಡು ಬಿಳಿ ಗಡ್ಡೆ ಹೊರಗೆ ಇಣುಕುತ್ತಿತ್ತು. ಕರಗಲೆಂದು ಟೀಚರು ಕ್ರೇಟನ್ನು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಪಕ್ಕ ಇಡಿಸಿದರೆ ಇನ್ನೂ ಫಜೀತಿ: ಅಂಚಿನ ಬಾಟಲಿ ಬಿಸಿ, ನಡುವಿನದರಲ್ಲಿ ಐಸು! ಹೋಮೋಜಿನೈಸ್ ಮಾಡದ, ಅಂದರೆ ಕೆನೆ ಬೇರ್ಪಡದಂತೆ ಹಾಲಿನಲ್ಲೇ ಬೆರೆಸಿರದ ಹಾಲಾದ್ದರಿಂದ ಕೆನೆ ಮೇಲೆ ಕಟ್ಟುತ್ತಿತ್ತು. ಅಲ್ಲಾಡಿಸದೆ ತಳದಿಂದ ಹೀರಿದವರಿಗೆ ಕೊನೆಗೆ ಉಳಿಯುತ್ತಿದ್ದದ್ದು ಬರೀ ಆ ಬೆಚ್ಚನೆ ಕೆನೆ. ಅದನ್ನೂ ಮುಗಿಸಲೇಬೇಕೆಂದು ಹಟ ಹಿಡಿಯುವ ಟೀಚರುಗಳಿದ್ದರು.

1971ರಲ್ಲಿ ಶಿಕ್ಷಣ ಮಂತ್ರಿ ಮಾರ್ಗರೆಟ್ ಥ್ಯಾಚರ್ ಏಳು ವರ್ಷ ದಾಟಿದವರಿಗೆ ಇದನ್ನು ನಿಲ್ಲಿಸಿ ‘ಹಾಲುಗಳ್ಳಿ’ ಅನ್ನಿಸಿಕೊಂಡರು. ಸೆಕೆಂಡರಿ ಶಾಲೆಗಳ ಹಾಲನ್ನು ಅವರ ಎದುರಾಳಿ ಲೇಬರ್ ಪಕ್ಷದ ಸರ್ಕಾರ 1968ರಲ್ಲೇ ನಿಲ್ಲಿಸಿತ್ತು. ಅದನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ.